‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನೋ ಮೊದಲು ಮೂಲೆ ಅಳೆಯಿರಿ

ನಾನು ಟೈಲ್ಸ್ ಹಾಕೋ ಮೇಸ್ತ್ರಿ. ಬೆಂಗಳೂರಲ್ಲಿ ಈ ಕೆಲಸಕ್ಕೆ ಇಳಿದು 16 ವರ್ಷ ಆಯ್ತು. ಯಾವ ಡಿಸೈನ್ ಚೆಂದ, ಯಾವ ಬಣ್ಣ ಈಗ ಓಡ್ತಿದೆ ಅಂತ ಹೇಳೋಕೆ ನಿಮ್ಮ ಫೋನಲ್ಲಿ ಬೇಕಾದಷ್ಟು ರೀಲ್ಸ್ ಇವೆ. ನಾನು ಇವತ್ತು ಮಾತಾಡೋದು ಟೈಲ್ ಹಿಂದೆ ಇರೋ ಗೋಡೆ ಬಗ್ಗೆ. ಆ ಗೋಡೆ ನೆಟ್ಟಗಿದೆಯಾ, ಮೂಲೆ ಮಟ್ಟವಾಗಿದೆಯಾ, ಇಲ್ಲ ಅಂದ್ರೆ ಏನು ಮಾಡ್ಬೇಕು, ಅದಕ್ಕೆ ದುಡ್ಡು ಯಾರು ಕೊಡ್ಬೇಕು, ಇಷ್ಟೇ ವಿಷಯ.

ನಿಮ್ಮಲ್ಲಿ ಕೆಲವರು ಊರಲ್ಲಿ ಅಪ್ಪ ಅಮ್ಮನ ಮನೆ ಬಚ್ಚಲು ರಿಪೇರಿ ಮಾಡಿಸ್ತಿರಬಹುದು. ಕೆಲವರು ಸಾಲ ಮಾಡಿ ಫ್ಲ್ಯಾಟ್ ತಗೊಂಡಿರಬಹುದು. ಡಿಪ್ಲೊಮಾ ಮುಗಿಸಿ ಸೈಟಲ್ಲಿ ಸೂಪರ್‌ವೈಸರ್ ಆಗಿ ಸೇರಿದ ಹುಡುಗರೂ ಇರಬಹುದು. ಎಲ್ಲರಿಗೂ ಒಂದೇ ಮಾತು: ಸೊಟ್ಟ ಗೋಡೆಗೆ ಬಣ್ಣ ಬಳಿದ್ರೆ ಸೊಟ್ಟ ಅಷ್ಟಾಗಿ ಕಾಣಲ್ಲ. ಅದೇ ಗೋಡೆಗೆ ಟೈಲ್ ಹಾಕಿದ್ರೆ ಎದ್ದು ಕಾಣುತ್ತೆ. ಯಾಕಂದ್ರೆ ಟೈಲ್ ಅಂದ್ರೆ ಗೋಡೆ ಮೇಲೆ ಎಳೆದ ನೇರ ಗೆರೆಗಳು. ಎರಡೆರಡು ಅಡಿಗೆ ಒಂದು ಗೆರೆ. ನೇರ ಗೆರೆ ಪಕ್ಕದಲ್ಲಿ ಸೊಟ್ಟ ಮೂಲೆ ಇದ್ರೆ ಚಿಕ್ಕ ಮಗೂಗೂ ಗೊತ್ತಾಗುತ್ತೆ.

ಮೊದಲು ಇಷ್ಟು ತಾಪತ್ರಯ ಇರಲಿಲ್ಲ. ಹಳೇ ಮನೆ ಬಚ್ಚಲಲ್ಲಿ ನಾಲ್ಕಿಂಚಿನ, ಆರಿಂಚಿನ ಬಿಳಿ ಟೈಲ್ ನೋಡಿರ್ತೀರಿ. ಆಮೇಲೆ 8×12 ಇಂಚು ಬಂತು. ಸಣ್ಣ ಟೈಲ್ ಗೋಡೆ ಹೇಗೆ ಬಾಗಿದ್ಯೋ ಹಾಗೇ ಹೊಂದಿಕೊಂಡು ಹೋಗ್ತಿತ್ತು. ಈಗ ಗುಜರಾತಿನ ಮೋರ್ಬಿಯಿಂದ 2×2 ಅಡಿ, 2×4 ಅಡಿ ಟೈಲ್ ಬರುತ್ತೆ. 9 ಮಿಲಿಮೀಟರ್ ದಪ್ಪದ 2×4 ಅಡಿ ಟೈಲ್ ಒಂದೊಂದೂ ಹತ್ತಿರ ಹತ್ತಿರ 15 ಕೆಜಿ ತೂಗುತ್ತೆ. ಅದು ಬಗ್ಗಲ್ಲ. ಗೋಡೆಗೆ ಹೊಟ್ಟೆ ಬಂದಿದ್ರೆ ಟೈಲ್ ನಡುವೆ ಕೂತ್ಕೊಳ್ಳುತ್ತೆ, ತುದಿ ಎದ್ದಿರುತ್ತೆ. ಪಕ್ಕದ ಟೈಲ್ ಜೊತೆ ಅಂಚು ಕೂಡಲ್ಲ. ಕೈ ಸವರಿದ್ರೆ ಬೆರಳಿಗೆ ತಡೆಯುತ್ತೆ.

ಹಾಗಾದ್ರೆ ಟೈಲ್ಸ್ ಅಂಗಡಿಗೆ ಹೋಗೋ ಮೊದಲೇ ಗೋಡೆನ ಮೂರು ಪ್ರಶ್ನೆ ಕೇಳ್ಬೇಕು. ತೂಕಕ್ಕೆ ನಿಂತಿದ್ಯಾ? ಮೈ ಸಮ ಇದ್ಯಾ? ಪಕ್ಕದ ಗೋಡೆ ಜೊತೆ ಮೂಲೆ ಸರಿ ಇದ್ಯಾ? ಮೂರೂ ಬೇರೆ ಬೇರೆ. ಒಂದು ಸರಿ ಇದ್ದು ಇನ್ನೊಂದು ಕೆಟ್ಟಿರಬಹುದು.

ಮೊದಲನೇದು ತೂಕ. ಇದಕ್ಕೆ ತೂಗುಗುಂಡು ಸಾಕು. ಸೀಲಿಂಗ್ ಹತ್ತಿರ ಒಂದು ಮೊಳೆ ಹೊಡೆದು, ಗೋಡೆಯಿಂದ 50 ಮಿ.ಮೀ ದೂರಕ್ಕೆ ದಾರ ಇಳಿಬಿಡಿ. ಗುಂಡು ಅಲ್ಲಾಡೋದು ನಿಂತ ಮೇಲೆ ಮೇಲೆ, ನಡುವೆ, ಕೆಳಗೆ, ಮೂರು ಕಡೆ ದಾರಕ್ಕೂ ಗೋಡೆಗೂ ಎಷ್ಟು ಅಂತರ ಅಂತ ಅಳೆಯಿರಿ. ಮೂರೂ ಕಡೆ 50 ಬಂದ್ರೆ ಗೋಡೆ ತೂಕಕ್ಕಿದೆ. ಮೇಲೆ 50, ಕೆಳಗೆ 60 ಬಂದ್ರೆ ಗೋಡೆ ಮೇಲ್ಗಡೆ 10 ಮಿ.ಮೀ ಮುಂದಕ್ಕೆ ವಾಲಿದೆ. ನಡುವೆ ಮಾತ್ರ ಕಡಿಮೆ ಬಂದ್ರೆ ಅಲ್ಲಿ ಹೊಟ್ಟೆ ಇದೆ. ಒಂದು ಗೋಡೆಗೆ ಕಮ್ಮಿ ಅಂದ್ರೂ ಮೂರು ಜಾಗದಲ್ಲಿ ಹೀಗೆ ನೋಡ್ಬೇಕು.

ಎರಡನೇದು ಸಮ. ಆರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿನ ಗೋಡೆಗೆ ಆನಿಸಿ. ನಿಂತಂಗೆ, ಅಡ್ಡ, ಆಮೇಲೆ ಓರೆಯಾಗಿ. ಪಟ್ಟಿ ಹಿಂದೆ ಫೋನಿನ ಟಾರ್ಚ್ ಹಿಡಿದ್ರೆ ಎಲ್ಲಿ ಬೆಳಕು ತೂರುತ್ತೋ ಅಲ್ಲಿ ತಗ್ಗು. ಎಷ್ಟು ತಗ್ಗು ಇದ್ರೆ ಪರವಾಗಿಲ್ಲ? ಅಮೆರಿಕದ ಎಎನ್‌ಎಸ್‌ಐ ಮಾನದಂಡ ಏನು ಹೇಳುತ್ತೆ ಅಂದ್ರೆ, ಟೈಲಿನ ಒಂದು ಅಂಚಾದ್ರೂ 15 ಇಂಚಿಗಿಂತ ಉದ್ದ ಇದ್ರೆ, ಗೋಡೆ 10 ಅಡಿಯಲ್ಲಿ ಎಂಟನೇ ಒಂದು ಇಂಚಿಗಿಂತ ಹೆಚ್ಚು ಏರುಪೇರು ಇರಬಾರದು. ಅಂದ್ರೆ ಸುಮಾರು 3 ಮಿ.ಮೀ. ಸಣ್ಣ ಟೈಲಿಗೆ ಇದರ ಎರಡರಷ್ಟು, ಕಾಲಿಂಚು ಇದ್ರೂ ನಡೆಯುತ್ತೆ. ನಮ್ಮವರು ಎಂಟನೇ ಒಂದು ಇಂಚಿಗೆ ಒಂದು ನೂಲು ಅಂತಾರೆ, ಹಿಂದಿ ಮಾತಾಡೋ ಹುಡುಗರು ಸೂತ್ ಅಂತಾರೆ. ಹೆಸರು ಏನೇ ಇರಲಿ, ದೊಡ್ಡ ಟೈಲಿಗೆ ಒಂದು ನೂಲಿನ ಲೆಕ್ಕ ಇಟ್ಕೊಳ್ಳಿ.

ಮೂರನೇದು ಮೂಲೆ. ಹೆಚ್ಚು ಜನ ನೋಡದೇ ಬಿಡೋದು ಇದನ್ನೇ. ಮೇಸ್ತ್ರಿ ಹತ್ತಿರ ಮೂಲೆಮಟ್ಟ ಇರುತ್ತೆ, ಗುನಿಯಾ ಅಂತಲೂ ಕರೀತಾರೆ. ಅದು ಒಂದು ಅಡಿ, ಎರಡು ಅಡಿ ಉದ್ದದ್ದು. ಅದನ್ನ ಮೂಲೆಗೆ ಇಟ್ಟು ‘ಸರಿ ಇದೆ’ ಅಂದುಬಿಡ್ತಾರೆ. ಆದ್ರೆ ಮೂಲೆಯಲ್ಲಿ ಗಾರೆ ಗಂಟು ಕಟ್ಟಿರುತ್ತೆ. ಅಲ್ಲಿ ಸರಿ ಕಂಡಿದ್ದು ಏಳಡಿ ಆಚೆ ಹೋಗೋ ಹೊತ್ತಿಗೆ ಎಲ್ಲೋ ಹೋಗಿರುತ್ತೆ.

ಅದಕ್ಕೇ 3-4-5 ಲೆಕ್ಕ. ಹತ್ತನೇ ಕ್ಲಾಸಲ್ಲಿ ಪೈಥಾಗೊರಸ್ ಪ್ರಮೇಯ ಓದಿದ್ದೀರಲ್ಲ, ಪರೀಕ್ಷೆ ಆದ್ಮೇಲೆ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳಿದ್ದೀರಲ್ಲ, ಇಲ್ಲಿ ಬರುತ್ತೆ. ಎರಡೂ ಗೋಡೆಯಿಂದ ಎರಡೆರಡು ಇಂಚು ಬಿಟ್ಟು ಗೋಡೆಗೆ ಸಮವಾಗಿ ಎರಡು ದಾರ ಕಟ್ಟಿ. ಮೂಲೆಯ ಗಂಟು ಲೆಕ್ಕಕ್ಕೆ ಬರದೇ ಇರಲಿ ಅಂತ ಈ ಎರಡಿಂಚು. ದಾರಗಳು ಒಂದನ್ನೊಂದು ದಾಟೋ ಜಾಗದಿಂದ ಒಂದು ದಾರದಲ್ಲಿ 3 ಅಡಿಗೆ ಗುರುತು, ಇನ್ನೊಂದರಲ್ಲಿ 4 ಅಡಿಗೆ ಗುರುತು. ಆ ಎರಡು ಗುರುತಿನ ನಡುವೆ ಟೇಪ್ ಹಿಡಿದ್ರೆ ಸರಿಯಾಗಿ 5 ಅಡಿ ಬರಬೇಕು. ಕಮ್ಮಿ ಬಂದ್ರೆ ಮೂಲೆ ಒಳಕ್ಕೆ ಮುಚ್ಚಿಕೊಂಡಿದೆ, ಜಾಸ್ತಿ ಬಂದ್ರೆ ಹೊರಕ್ಕೆ ತೆರೆದಿದೆ. ರೂಮ್ ದೊಡ್ಡದಿದ್ರೆ 6-8-10 ಅಡಿ ಇಟ್ಕೊಳ್ಳಿ, ಅಳತೆ ಇನ್ನೂ ನಿಖರ. ಟೇಪ್‌ನ ಆ ಕಡೆ ನಂಬೋರು 90-120-150 ಸೆಂಟಿಮೀಟರ್ ಇಟ್ಕೊಂಡ್ರೂ ಒಂದೇ. ಒಂದು ವಿಷಯ ನೆನಪಿಡಿ, ದಾರಗಳು ಎರಡೂ ಒಂದೇ ಮಟ್ಟದಲ್ಲಿ ಇರಬೇಕು. ಲೆವೆಲ್ ಪೈಪಲ್ಲಿ ನೀರು ತುಂಬಿಸಿ ಮಟ್ಟ ನೋಡಿ ಕಟ್ಟಿ. ಬಚ್ಚಲ ನೆಲ ಇಳಿಜಾರಿರುತ್ತೆ, ನೆಲ ನಂಬಿಕೊಂಡ್ರೆ ಲೆಕ್ಕ ತಪ್ಪುತ್ತೆ.

ಇದೇನು ಹೊಸ ವಿದ್ಯೆ ಅಲ್ಲ. ನಮ್ಮಲ್ಲಿ ಯಜ್ಞವೇದಿ ಕಟ್ಟೋಕೆ ಅಳತೆ ಹೇಳೋ ಬೌಧಾಯನ ಶುಲ್ಬಸೂತ್ರದಲ್ಲೇ ಆಯತದ ಕರ್ಣದ ಲೆಕ್ಕ ಇದೆ. ಶುಲ್ಬ ಅಂದ್ರೆ ಹಗ್ಗ ಅಂತಲೇ ಅರ್ಥ. ಹಗ್ಗ ಹಿಡಿದು ಮೂಲೆ ತೆಗೆಯೋದು ಅಷ್ಟು ಹಳೇ ಕೆಲಸ.

ಈಗ ಐದಡಿ ಬರಬೇಕಾದ ಕಡೆ ಅರ್ಧ ಇಂಚು ಜಾಸ್ತಿ ಬಂತು ಅಂತ ಇಟ್ಕೊಳ್ಳಿ. ‘ಅರ್ಧ ಇಂಚು ತಾನೆ, ಬಿಡಿ’ ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ. ಕೋನದಲ್ಲಿ ಅದು ಹೆಚ್ಚೂಕಡಿಮೆ ಒಂದು ಡಿಗ್ರಿ. ಐದು ಅಡಿ ಅಗಲ, ಏಳು ಅಡಿ ಉದ್ದದ ಬಾತ್‌ರೂಮಲ್ಲಿ, ಏಳಡಿ ಗೋಡೆಯ ಆ ತುದಿಗೆ ಹೋಗೋ ಹೊತ್ತಿಗೆ ಒಂದು ಡಿಗ್ರಿ ಅನ್ನೋದು ಸುಮಾರು ಒಂದೂವರೆ ಇಂಚು ಆಗುತ್ತೆ. ನೆಲದ ಟೈಲ್ ನೇರವಾಗಿ ಹಾಕ್ಕೊಂಡು ಬಂದ್ರೆ ಗೋಡೆ ಪಕ್ಕದ ಕಟಿಂಗ್ ಒಂದು ತುದಿಯಲ್ಲಿ ಅರ್ಧ ಇಂಚು, ಇನ್ನೊಂದು ತುದಿಯಲ್ಲಿ ಎರಡಿಂಚು. ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳೋದು ಅದೇ.

ರೂಮ್ ಪೂರ್ತಿ ಚೌಕ ಇದ್ಯಾ ನೋಡೋಕೆ ಇನ್ನೊಂದು ದಾರಿ, ಮೂಲೆಯಿಂದ ಮೂಲೆಗೆ ಎರಡು ಕರ್ಣ ಅಳೆಯೋದು. ಎರಡೂ ಸಮ ಇದ್ರೆ ಚೌಕ ಅಂತ ಎಲ್ಲರೂ ಹೇಳ್ತಾರೆ. ಪೂರ್ತಿ ನಿಜ ಅಲ್ಲ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇರೋ ರೂಮಲ್ಲೂ, ಎರಡು ಪಕ್ಕವೂ ಒಂದೇ ಥರ ಒಳಗೆ ವಾಲಿದ್ರೆ, ಕರ್ಣ ಸಮ ಬರುತ್ತೆ. ಅದಕ್ಕೇ ಮೊದಲು ಎದುರುಬದುರು ಗೋಡೆಗಳ ಉದ್ದ ಸಮ ಇದೆಯಾ ನೋಡಿ, ಆಮೇಲೆ ಕರ್ಣ. ಎರಡೂ ಕೂಡಿ ಬಂದ್ರೆ ಮಾತ್ರ ಒಪ್ಪಿಕೊಳ್ಳಿ.

ಫೋನಲ್ಲಿ ಲೆವೆಲ್ ಆ್ಯಪ್ ಇದೆಯಲ್ಲ ಅಂತ ತುಂಬಾ ಜನ ಕೇಳ್ತಾರೆ. ಫೋಟೋ ಫ್ರೇಮ್ ನೇತುಹಾಕೋಕೆ ಅದು ಸಾಕು. ಗೋಡೆಗೆ ಸಾಲಲ್ಲ. ಫೋನ್ ಉದ್ದ ಸುಮಾರು 15 ಸೆಂಟಿಮೀಟರ್. ಅಷ್ಟರಲ್ಲಿ ಒಂದು ಮಿ.ಮೀ ತಪ್ಪಿದ್ರೆ, ಏಳಡಿಗೆ 14 ಮಿ.ಮೀ ತಪ್ಪುತ್ತೆ. ಅದರ ಮೇಲೆ ಹಿಂದುಗಡೆ ಕ್ಯಾಮೆರಾ ಉಬ್ಬು ಬೇರೆ. ಗೋಡೆಗೆ ಉದ್ದದ ರಸಮಟ್ಟ, ದಾರ, ಟೇಪ್ ಬೇಕು. ಲೇಸರ್ ಇದ್ರೆ ಕೆಲಸ ಬೇಗ ಆಗುತ್ತೆ. ಅಲ್ಲೂ ಆ ಕೆಂಪು ಗೆರೆ, ಹಸಿರು ಗೆರೆಯಿಂದ ಗೋಡೆ ಎಷ್ಟು ದೂರ ಅಂತ ಅಳೆಯೋದು ಟೇಪಲ್ಲೇ.

ಫೋನಿನ ನಿಜವಾದ ಉಪಯೋಗ ಬೇರೆ ಇದೆ. ಅದನ್ನ ಒಂದು ಸಂಗತಿ ಹೇಳಿ ತಿಳಿಸ್ತೀನಿ. ಕೆಲವು ವರ್ಷದ ಹಿಂದೆ ಒಂದು ಅಪಾರ್ಟ್‌ಮೆಂಟಲ್ಲಿ ನಾವು ನಾಲ್ಕು ಜನ ಬಾತ್‌ರೂಮ್ ಟೈಲ್ಸ್ ಕೆಲಸಕ್ಕೆ ಹೋಗಿದ್ವಿ. ದಾರ ಕಟ್ಟಿ ನೋಡಿದ್ರೆ ಒಂದು ಗೋಡೆ ಒಂದು ಇಂಚಿಗೂ ಹೆಚ್ಚು ಹೊರಗೆ ಹೋಗಿತ್ತು. ಸೂಪರ್‌ವೈಸರ್‌ಗೆ ‘ಸಾರ್, ಗಾರೆಯವರನ್ನ ಕರೆಸಿ, ಗೋಡೆ ಸರಿ ಮಾಡಿಸಿಕೊಡಿ’ ಅಂದೆ. ‘ಡೇಟ್ ಹತ್ತಿರ ಬಂತು ಮೇಸ್ತ್ರಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ ಹಾಕಿ’ ಅಂದ್ರು. ದಾರ, ಟೇಪ್ ಎರಡೂ ಕಾಣೋ ಹಾಗೆ ಫೋಟೋ ತೆಗೆದು, ಎಷ್ಟು ಔಟ್ ಇದೆ ಅಂತ ಬರೆದು ಅವರಿಗೆ ವಾಟ್ಸ್‌ಆ್ಯಪ್ ಮಾಡಿದೆ. ‘ಓಕೆ, ಪ್ರೊಸೀಡ್’ ಅಂತ ಉತ್ತರ ಬಂತು. ಫ್ಲ್ಯಾಟ್ ಮಾಲೀಕರು ಬಂದು ಸೊಟ್ಟ ಕಟಿಂಗ್ ನೋಡಿ ಜಗಳ ತೆಗೆದಾಗ, ತಡೆಹಿಡಿದದ್ದು ನಮ್ಮ ನಾಲ್ಕು ಜನರ ಎರಡು ವಾರದ ಕೂಲಿ. ಗೋಡೆ ಕಟ್ಟಿದವರು ಇಲ್ಲ, ಗಾರೆ ಮಾಡಿದವರು ಇಲ್ಲ, ಕೊನೆಗೆ ಕೈಗೆ ಸಿಗೋನು ಟೈಲ್ಸ್‌ನವನೇ. ಆ ಮೆಸೇಜ್ ಇದ್ದಿದ್ದಕ್ಕೆ ದುಡ್ಡು ಬಂತು, ತಿಂಗಳು ತಡವಾಗಿ. ನಮ್ಮ ಜೊತೆ ಇದ್ದ ಒಬ್ಬ ಹುಡುಗ ಅಷ್ಟರಲ್ಲಿ ರೂಮ್ ಬಾಡಿಗೆ ಕಟ್ಟೋಕಾಗದೆ ಊರಿಗೆ ಹೋಗಿದ್ದ.

ಇದು ಒಬ್ಬ ಸೂಪರ್‌ವೈಸರ್ ಕೆಟ್ಟವನು ಅನ್ನೋ ಕಥೆ ಅಲ್ಲ. ಲೆಕ್ಕ ಹಾಕೋ ರೀತಿನೇ ಹಾಗಿದೆ. ಟೈಲ್ಸ್ ಕೆಲಸಕ್ಕೆ ಚದರಡಿಗೆ ಇಷ್ಟು ಅಂತ ರೇಟ್. ಅರ್ಧ ದಿನ ದಾರ ಕಟ್ಟಿ ಅಳೆದ್ರೆ ಒಂದು ಚದರಡಿಯೂ ಆಗಲ್ಲ, ಒಂದು ರೂಪಾಯಿಯೂ ಬರಲ್ಲ. ಎತ್ತರ ಇರೋ ಕಡೆ ಒಡೆಯೋಕೆ, ತಗ್ಗು ತುಂಬೋಕೆ ಯಾರ ಲೆಕ್ಕದಲ್ಲೂ ದುಡ್ಡಿಲ್ಲ. ದುಡ್ಡಿಲ್ಲದ ಕೆಲಸ ಆಗಲ್ಲ. ಆಗದೇ ಇರೋ ಕೆಲಸಾನ ಟೈಲ್ ಹಿಂದೆ ಮುಚ್ಚಿಡ್ತಾರೆ.

ಹೇಗೆ ಮುಚ್ಚಿಡ್ತಾರೆ ಅಂದ್ರೆ, ಟೈಲ್ ಹಿಂದೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಐದು ಉಂಡೆ ಗಾರೆ ಇಟ್ಟು ಒತ್ತುತ್ತಾರೆ. ಗೋಡೆ ಎಷ್ಟು ತಗ್ಗಿದ್ರೂ ಉಂಡೆ ದಪ್ಪ ಮಾಡಿದ್ರೆ ಆಯ್ತು, ಟೈಲ್ ಮುಂದೆ ನೆಟ್ಟಗೆ ಕಾಣುತ್ತೆ. ಹಿಂದೆ ಪೂರ್ತಿ ಪೊಳ್ಳು. ಬೆರಳಲ್ಲಿ ತಟ್ಟಿದ್ರೆ ಡಬ್ ಡಬ್ ಅನ್ನುತ್ತೆ. ಟವೆಲ್ ರಾಡ್ ಹಾಕೋಕೆ ಡ್ರಿಲ್ ಇಟ್ರೆ ಬಿರುಕು. ನೀರು ಒಳಗೆ ಇಳಿದ್ರೆ ಅಲ್ಲೇ ನಿಲ್ಲುತ್ತೆ. ಅದರಲ್ಲೂ ವಿಟ್ರಿಫೈಡ್ ಟೈಲ್ ನೀರು ಹೀರೋದೇ ಶೇ 0.5ಕ್ಕಿಂತ ಕಡಿಮೆ, ಬರೀ ಸಿಮೆಂಟ್ ಹಾಲು ಅದರ ಬೆನ್ನಿಗೆ ಸರಿಯಾಗಿ ಕಚ್ಚಲ್ಲ. 15 ಕೆಜಿ ಟೈಲ್ ಸ್ನಾನ ಮಾಡೋವಾಗ ತಲೆ ಪಕ್ಕ ಕಳಚಿ ಬಿದ್ರೆ ಅದನ್ನ ಅಡ್ಜಸ್ಟ್‌ಮೆಂಟ್ ಅನ್ನೋಕಾಗಲ್ಲ.

ಅಂಗಡಿಯಲ್ಲಿ ಸಿಗೋ ಟೈಲ್ ಗಮ್, ಅಂದ್ರೆ ಅಡೆಸಿವ್, ವಿಟ್ರಿಫೈಡ್‌ಗೆ ಅದೇ ಬೇಕು. ಆದ್ರೆ ಅದು ಅಂಟಿಸೋಕೆ ಇರೋದು, ಗೋಡೆ ಕಟ್ಟೋಕಲ್ಲ. ಹಲ್ಲಿನ ಕರಣೆಯಲ್ಲಿ ಎಳೆದು ಕೆಲವೇ ಮಿ.ಮೀ ದಪ್ಪಕ್ಕೆ ಹಾಕ್ಬೇಕು. ಎಷ್ಟು ದಪ್ಪದ ತನಕ ಹಾಕಬಹುದು ಅಂತ ಚೀಲದ ಮೇಲೆ ಬರೆದಿರ್ತಾರೆ, ಓದಿ. ಒಂದು ಇಂಚು ತಗ್ಗನ್ನ ಗಮ್‌ನಲ್ಲಿ ತುಂಬ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ.

ಹಾಗಾದ್ರೆ ಸರಿ ಮಾಡೋದು ಹೇಗೆ? ಮೊದಲು ಒಂದು ಗೋಡೆನ ಯಜಮಾನ ಮಾಡ್ಕೊಳ್ಳಿ. ಬಾಗಿಲು ತೆಗೆದ್ರೆ ಎದುರಿಗೆ ಕಾಣೋ ಗೋಡೆ ಆದ್ರೆ ಒಳ್ಳೇದು. ಅದಕ್ಕೆ ದಾರ ಕಟ್ಟಿ, ಮಿಕ್ಕ ಗೋಡೆಗಳ ದಾರಾನ 3-4-5 ಲೆಕ್ಕದಲ್ಲಿ ಅದಕ್ಕೆ ಮೂಲೆ ತೆಗೆಯಿರಿ. ಎಲ್ಲಿ ಗೋಡೆ ದಾರಕ್ಕೆ ತೀರಾ ಹತ್ತಿರ ಬಂದಿದ್ಯೋ ಅಲ್ಲಿ ಹಳೇ ಗಾರೆ ಕೆತ್ತಿ ತೆಗೀಬೇಕು. ಎಲ್ಲಿ ದೂರ ಇದ್ಯೋ ಅಲ್ಲಿ ತುಂಬಬೇಕು. ತುಂಬೋ ಮೊದಲು ಐದಾರು ಅಡಿಗೊಂದರಂತೆ ಗೋಡೆ ಮೇಲೆ ಒಡೆದ ಟೈಲ್ ಚೂರನ್ನ ಗಾರೆಯಲ್ಲಿ ಕೂರಿಸಿ, ದಾರಕ್ಕೂ ತೂಗುಗುಂಡಿಗೂ ಸರಿ ಮಾಡಿಡ್ತಾರೆ. ಇದಕ್ಕೆ ಬಟನ್ ಇಡೋದು ಅಂತೀವಿ. ಆಮೇಲೆ ಬಟನ್‌ನಿಂದ ಬಟನ್‌ಗೆ ಪಟ್ಟಿ ಎಳೆದು ಗಾರೆ ಮಟ್ಟ ಮಾಡೋದು. ಬಟನ್ ಇಟ್ಟಿಲ್ಲದ ಗೋಡೆ ಕಣ್ಣಂದಾಜಿನ ಗೋಡೆ.

ದಪ್ಪ ತುಂಬಬೇಕಿದ್ರೆ ಒಂದೇ ಸಲಕ್ಕೆ ಬಡೀಬೇಡಿ. ಒಂದು ಪದರ 12ರಿಂದ 15 ಮಿ.ಮೀ, ಗೀರು ಹಾಕಿ ಗಟ್ಟಿಯಾಗೋಕೆ ಬಿಟ್ಟು, ಆಮೇಲೆ ಎರಡನೇದು. ಒಂದು ಭಾಗ ಸಿಮೆಂಟ್‌ಗೆ ಮೂರರಿಂದ ನಾಲ್ಕು ಭಾಗ ಮರಳು. ಏಳು ದಿನ ನೀರು ಹಾಯಿಸಿ. ಮೈ ನುಣ್ಣಗೆ ಮಾಡಬೇಡಿ, ಒರಟಾಗಿರಲಿ, ಟೈಲ್ ಕಚ್ಚೋಕೆ ಅದೇ ಬೇಕು. ಹಳೇ ಬಣ್ಣ, ಪುಟ್ಟಿ ಇದ್ರೆ ಪೂರ್ತಿ ಕೆರೆದು ತೆಗೀಬೇಕು. ಪುಟ್ಟಿ ಮೇಲೆ ಅಂಟಿಸಿದ ಟೈಲ್, ಪುಟ್ಟಿ ಜೊತೆಗೇ ಕಿತ್ತು ಬರುತ್ತೆ. ವಾಟರ್‌ಪ್ರೂಫಿಂಗ್ ಇದೆಲ್ಲ ಆದ್ಮೇಲೆ, ಟೈಲಿಗಿಂತ ಮುಂಚೆ.

ತೂಕದ ಲೆಕ್ಕವೂ ಗೊತ್ತಿರಲಿ. ಏಳಡಿ ಉದ್ದ, ಎಂಟಡಿ ಎತ್ತರದ ಗೋಡೆನ ಒಂದು ತುದಿಯಲ್ಲಿ ಸೊನ್ನೆಯಿಂದ ಇನ್ನೊಂದು ತುದಿಯಲ್ಲಿ ಒಂದೂವರೆ ಇಂಚಿನ ತನಕ ತುಂಬಿದ್ರೆ ಸುಮಾರು 200 ಕೆಜಿ ಗಾರೆ ಹಿಡಿಯುತ್ತೆ. ನಾಲ್ಕಿಂಚಿನ ಗೋಡೆಗೆ ಇಷ್ಟು ಹೊರಿಸೋ ಮೊದಲು ಎಂಜಿನಿಯರನ್ನ ಒಂದು ಮಾತು ಕೇಳಿ. ಇಷ್ಟೆಲ್ಲಾ ಒದ್ದಾಟ ಬೇಡ ಅಂದ್ರೆ, ಮನೆ ಕಟ್ಟೋವಾಗ ಮೊದಲನೇ ಸಾಲು ಇಟ್ಟಿಗೆ ಅಥವಾ ಬ್ಲಾಕ್ ಇಟ್ಟ ದಿನವೇ ದಾರ ಹಿಡಿದು ನೋಡಿ. ಅವತ್ತು ಸರಿ ಮಾಡೋಕೆ ಬೇಕಾಗಿದ್ದು ಹತ್ತು ನಿಮಿಷ.

ಇನ್ನೊಂದು, ಪ್ಲಂಬರ್ ಬರೋ ಮೊದಲೇ ಈ ದಾರ ಕಟ್ಟಿರಬೇಕು. ಗೋಡೆ ಒಳಗೆ ಕೂರೋ ಮಿಕ್ಸರ್, ಡೈವರ್ಟರ್ ಎಲ್ಲದಕ್ಕೂ ಟೈಲ್ ಮುಖದಿಂದ ಇಷ್ಟೇ ಆಳ ಅಂತ ಇರುತ್ತೆ, ಅದರ ಮೇಲೇ ಗುರುತು ಇರುತ್ತೆ. ಪ್ಲಂಬರ್ ಹಳೇ ಗೋಡೆಗೆ ಲೆಕ್ಕ ಹಾಕಿ ಕೂರಿಸಿ ಹೋದ, ಆಮೇಲೆ ನೀವು ಗೋಡೆ ಒಂದು ಇಂಚು ಮುಂದೆ ತಂದ್ರಿ ಅಂದ್ರೆ ಹಿಡಿ, ಪ್ಲೇಟ್ ಯಾವುದೂ ಸರಿಯಾಗಿ ಕೂರಲ್ಲ. ಹೊಸ ಟೈಲ್ ಒಡೆಯೋದು ಆಗಲೇ. ಬಾಗಿಲ ಚೌಕಟ್ಟೂ ಅಷ್ಟೇ, ಗಾರೆ ದಪ್ಪ ಆಗಿ ಚೌಕಟ್ಟನ್ನ ನುಂಗದ ಹಾಗೆ ನೋಡ್ಕೊಳ್ಳಿ.

ಎಲ್ಲಾ ಗೋಡೆನೂ 90 ಡಿಗ್ರಿ ಮಾಡಲೇಬೇಕು ಅಂತ ಹಟ ಬೇಡ. ಊರಿನ ಹಳೇ ಕಲ್ಲು, ಮಣ್ಣಿನ ಗೋಡೆಗಳನ್ನ ಚೌಕ ಮಾಡೋಕೆ ಹೋದ್ರೆ ಬಚ್ಚಲು ಚಿಕ್ಕದಾಗುತ್ತೆ, ದುಡ್ಡೂ ಹೋಗುತ್ತೆ. ತೂಕ ಮತ್ತು ಸಮ ಎರಡನ್ನ ಬಿಡಬೇಡಿ, ಟೈಲ್ ಗಟ್ಟಿಯಾಗಿ ಕೂರೋದು ಅವೆರಡರಿಂದ. ಮೂಲೆ ಕಾಲಿಂಚು, ಅರ್ಧ ಇಂಚು ಹೋಗಿದ್ರೆ ಜಾಣತನ ಮಾಡಬಹುದು. ಟೈಲ್ ಅಂಟಿಸೋ ಮೊದಲು ನೆಲದ ಮೇಲೆ ಒಣದಾಗಿ ಜೋಡಿಸಿ ನೋಡಿ. ಸೊಟ್ಟ ಕಟಿಂಗ್ ಬಾಗಿಲ ಹಿಂದೆ ಹೋಗೋ ಹಾಗೆ ಶುರು ಮಾಡಿ. ಕಟಿಂಗ್ ಅಗಲ ಅರ್ಧ ಟೈಲಿಗಿಂತ ಕಮ್ಮಿ ಆಗದಂತೆ ಹಂಚಿ. ಒಂಬತ್ತು ಇಂಚು ಅಗಲದ ಕಟಿಂಗಲ್ಲಿ ಅರ್ಧ ಇಂಚು ವ್ಯತ್ಯಾಸ ಕಾಣಲ್ಲ, ಎರಡು ಇಂಚಿನದರಲ್ಲಿ ಕಾಣುತ್ತೆ. ಹುಷಾರಾಗಿರಬೇಕಾದ್ದು ಎರಡು ಕಡೆ: ಅಡುಗೆಮನೆಯ ಗ್ರಾನೈಟ್ ಕಲ್ಲು ಕೂರೋ ಮೂಲೆ, ಮತ್ತೆ ಶವರ್‌ಗೆ ಗಾಜು ಹಾಕಿಸೋ ಜಾಗ. ಕಲ್ಲು, ಗಾಜು ಎರಡೂ ಅಡ್ಜಸ್ಟ್ ಆಗಲ್ಲ.

ಕೊನೇದಾಗಿ ದುಡ್ಡಿನ ಮಾತು. ಕೊಟೇಶನ್ ತಗೊಳ್ಳೋವಾಗ ಎರಡು ಸಾಲು ಬೇರೆ ಬರೆಸಿ. ಒಂದು, ಗೋಡೆ ಅಳತೆ ಮತ್ತು ದಾರ ಕಟ್ಟೋದು, ಅರ್ಧ ದಿನದ ಕೂಲಿ. ಎರಡು, ಗೋಡೆ ಸರಿ ಮಾಡೋ ಗಾರೆ ಕೆಲಸ, ಅಳತೆ ಬಂದ ಮೇಲೆ ಎಷ್ಟಾಗುತ್ತೋ ಅಷ್ಟು. ಟೈಲ್ಸ್ ರೇಟಲ್ಲಿ ಚದರಡಿಗೆ ಐದು ರೂಪಾಯಿ ಚೌಕಾಸಿ ಮಾಡೋ ಬದಲು ಈ ಅರ್ಧ ದಿನದ ಕೂಲಿ ಕೊಡಿ. ಅಳೆಯೋವಾಗ ಪಕ್ಕದಲ್ಲಿ ನಿಂತ್ಕೊಳ್ಳಿ, ಟೇಪಿನ ಇನ್ನೊಂದು ತುದಿ ನೀವೇ ಹಿಡಿರಿ, ಫೋಟೋ ತೆಗೆದು ಇಬ್ಬರ ಫೋನಲ್ಲೂ ಇಟ್ಕೊಳ್ಳಿ. ನಾಳೆ ಜಗಳ ಬಂದ್ರೆ ಆ ಫೋಟೋ ಇಬ್ಬರಿಗೂ ಸಾಕ್ಷಿ. ಮೇಸ್ತ್ರಿ ಬಂದು ‘ಈ ಗೋಡೆ ಸರಿ ಇಲ್ಲ’ ಅಂದ್ರೆ ದುಡ್ಡು ಕೀಳೋಕೆ ಹೇಳ್ತಿದ್ದಾನೆ ಅಂದ್ಕೋಬೇಡಿ. ‘ದಾರ ಹಿಡಿದು ತೋರಿಸಿ’ ಅನ್ನಿ. ತೋರಿಸಿದ್ರೆ ಅವನ ಮಾತು ಕೇಳಿ.

ಮನೆ ಕೆಲಸ ಶುರು ಮಾಡಿರೋ ಸ್ನೇಹಿತರು ಯಾರಾದ್ರೂ ಇದ್ರೆ, ಅವರು ಟೈಲ್ಸ್ ಅಂಗಡಿಗೆ ಹೊರಡೋ ಮೊದಲು ಇದನ್ನ ಕಳಿಸಿಕೊಡಿ.